ಮೊಣಕಾಲು ನೀರು

ಸಮುದ್ರ ಉಕ್ಕಿ ಬರುವ ದಿನ, ಆ ನೀರು ನಿಮ್ಮ ಮನೆಯ ಮೆಟ್ಟಿಲಿಗೆ ಎಷ್ಟು ಎತ್ತರ ಬರುತ್ತದೆಂದು ನಾಲ್ಕು ಗಂಟೆ ಮೊದಲೇ ಗೊತ್ತಾಗಿಬಿಟ್ಟರೆ ಏನು ಮಾಡುತ್ತೀರಿ? ಅಂದಾಜಲ್ಲ, ಜ್ಯೋತಿಷ್ಯವಲ್ಲ; ಒಂದು ಬೆರಳಿನ ದಪ್ಪವೂ ತಪ್ಪದ ಲೆಕ್ಕ. ಸದ್ಯ, ಜೀವ ಉಳಿಯಿತು ಎನ್ನುತ್ತೀರಿ. ಪ್ರಫುಲ್ಲಾ ಕೂಡ ಹಾಗೆಯೇ ಎಂದುಕೊಂಡಿದ್ದಳು. ಅವಳು ಎಂಜಿನಿಯರು, ಡಾಕ್ಟರೇಟ್ ಬೇರೆ. ನಮ್ಮ ನಿಮ್ಮ ಹಾಗೆ ಸುಮ್ಮನೆ ಎಂದುಕೊಂಡವಳಲ್ಲ, ಲೆಕ್ಕ ಹಾಕಿ ಎಂದುಕೊಂಡವಳು.

ಅವಳ ಊರು ಕುಂದಾಪುರದ ಸೀಮೆಯ ಮಡಿಕೋಡಿ. ಅಪ್ಪ ಶೀನ ಮರಕಾಲರು ಅಲ್ಲಿಯ ಕೈರಂಪಣಿಯ ತಂಡೇಲ, ಎಂದರೆ ಬಲೆಯ ತಂಡಕ್ಕೆಲ್ಲ ಯಜಮಾನ. ಕೈರಂಪಣಿಯೆಂದರೆ ದಡದಿಂದ ಎಳೆಯುವ ದೊಡ್ಡ ಬಲೆ. ದೋಣಿಯೊಂದು ಬಲೆಯನ್ನು ಸಮುದ್ರದಲ್ಲಿ ಅರ್ಧಚಂದ್ರದ ಹಾಗೆ ಬಿಟ್ಟು ಬರುತ್ತದೆ. ಊರಿನ ಗಂಡಸರು ಎರಡು ಸಾಲಾಗಿ ನಿಂತು ಎರಡು ತುದಿಯ ಹಗ್ಗ ಹಿಡಿದು ಜಗ್ಗುತ್ತಾರೆ. ಮುಂದಿನವರು ಎದೆಮಟ್ಟದ ನೀರಿನಲ್ಲಿ, ಹಿಂದಿನವರು ಒಣಮರಳಿನಲ್ಲಿ. ತಂಡೇಲ ಬಿಡಿ ಅನ್ನುವವರೆಗೆ ಯಾರೂ ಹಗ್ಗ ಬಿಡುವಂತಿಲ್ಲ. ಒಬ್ಬ ಬಿಟ್ಟರೆ ಅವನ ಭಾರ ಪಕ್ಕದವನ ಭುಜಕ್ಕೆ ಬೀಳುತ್ತದೆ. ಹಾಗೆ ಬಿಟ್ಟವನು ಊರಿನಲ್ಲಿ ತಲೆಯೆತ್ತಿ ತಿರುಗುವುದಕ್ಕೆ ವರ್ಷಗಳೇ ಬೇಕು. ಆ ಹಗ್ಗದ ದುಡಿಮೆಯಲ್ಲೇ ಪ್ರಫುಲ್ಲಾ ಓದಿದ್ದು.

ಓದಿದ್ದಾದರೂ ಏನು? ಬಿದ್ದ ಊರುಗಳ ಕಥೆಯನ್ನು. ಭೂಕಂಪದ ಎಂಜಿನಿಯರಿಂಗ್ ಎಂದರೆ ಸತ್ತವರು ಬದುಕಿದವರಿಗೆ ಮಾಡುವ ಪಾಠ ಎಂದು ಅವಳು ತನ್ನ ವಿದ್ಯಾರ್ಥಿಗಳಿಗೆ ಹೇಳುತ್ತಿದ್ದಳು. ಭುಜ್‌ನಲ್ಲಿ ಕೆಳಗೆ ಕಾರು ನಿಲ್ಲಿಸಲೆಂದು ಬರೀ ಕಂಬ ಬಿಟ್ಟು ಮೇಲೆ ಮನೆ ಕಟ್ಟಿದ ಕಟ್ಟಡಗಳು ಮುಗ್ಗರಿಸಿ ಬಿದ್ದವು; ಅಲ್ಲಿಂದ ಕಲಿತದ್ದು, ಕಂಬದೊಳಗಿನ ಕಬ್ಬಿಣದ ಉಂಗುರಗಳನ್ನು ಒತ್ತೊತ್ತಾಗಿ, ಕೊಕ್ಕೆ ಒಳಕ್ಕೆ ಬಾಗಿಸಿ ಕಟ್ಟಬೇಕೆಂದು. ಎರಡು ಸಾವಿರದ ನಾಲ್ಕರ ಸುನಾಮಿಯಲ್ಲಿ ನೀರಿಗೆ ಅಡ್ಡ ನಿಂತ ಗೋಡೆಗಳು ಹೋದವು, ದಾರಿ ಬಿಟ್ಟ ಕಂಬಗಳು ಉಳಿದವು. ಈ ಪಾಠಗಳನ್ನೆಲ್ಲ ಸೇರಿಸಿ ಮಡಿಕೋಡಿಯ ದಡದಲ್ಲೊಂದು ಆಶ್ರಯಗೋಪುರ ಎದ್ದಿತ್ತು. ಕೆಳಗೆ ಬರೀ ಕಂಬ, ಮೇಲೆ ಊರಿಗೂರೇ ನಿಲ್ಲಬಹುದಾದ ಅಟ್ಟ, ಅಡಿಪಾಯ ಮರಳು ಕೊಚ್ಚಿಹೋದರೂ ಅಲುಗದಷ್ಟು ಆಳ. ನಕ್ಷೆ ಪ್ರಫುಲ್ಲಾಳದೇ.

ಇನ್ನೊಂದು ಪಾಠವಿತ್ತು, ಜಪಾನಿನದು. ಎರಡು ಸಾವಿರದ ಹನ್ನೊಂದರಲ್ಲಿ ಅಲ್ಲಿ ಮೊದಲ ಎಚ್ಚರಿಕೆಯಲ್ಲಿ ಹೇಳಿದ ಅಲೆಯ ಎತ್ತರ ನಿಜವಾದದ್ದಕ್ಕಿಂತ ಬಹಳ ಕಡಿಮೆಯಿತ್ತು. ನಮ್ಮ ತಡೆಗೋಡೆ ಅದಕ್ಕಿಂತ ಎತ್ತರ ಇದೆಯಲ್ಲ ಎಂದು ಎಷ್ಟೋ ಮಂದಿ ಮನೆಯಲ್ಲೇ ಉಳಿದರು. ಆಮೇಲೆ ಅಲ್ಲಿಯವರು ಭಾರೀ ಭೂಕಂಪದ ಮೊದಲ ಎಚ್ಚರಿಕೆಯಿಂದ ಅಂಕಿಯನ್ನೇ ತೆಗೆದುಹಾಕಿದರು. ಇದನ್ನೂ ಪ್ರಫುಲ್ಲಾ ಪ್ರತಿವರ್ಷ ಪಾಠ ಮಾಡುತ್ತಿದ್ದಳು. ತಪ್ಪು ಅಂಕಿ ಕೊಲ್ಲುತ್ತದೆ ಎಂದು ಹಲಗೆಯ ಮೇಲೆ ಬರೆದು ಅಡಿಗೆರೆಯನ್ನೂ ಎಳೆಯುತ್ತಿದ್ದಳು. ಆ ವಾಕ್ಯದಲ್ಲಿ ಯಾವ ಶಬ್ದ ಹೆಚ್ಚಾಗಿದೆಯೆಂದು ಅವಳಿಗೆ ಹೊಳೆದದ್ದು ತೀರ ತಡವಾಗಿ.

ಪಾಠದ ಜೊತೆಗೆ ಅವಳು ಕೆಲಸ ಮಾಡುತ್ತಿದ್ದ ಅಲೆ ಮುನ್ಸೂಚನಾ ಕೇಂದ್ರ ಸಮುದ್ರಕ್ಕೆ ದೂರದ ಒಂದು ಗುಡ್ಡದ ಮೇಲಿತ್ತು. ಅಲ್ಲಿಂದ ಹೊರಟ ಕೇಬಲ್ಲೊಂದು ಅರಬ್ಬಿ ಸಮುದ್ರದ ತಳದಲ್ಲಿ, ಅದರ ಬಡಗಣ ದಡದ ಭೂಕಂಪದ ಸೀಮೆಯಾದ ಮಕ್ರಾನ್ ಕಡೆಗೆ ಹೋಗಿ ಮಲಗಿತ್ತು. ಅದರೊಳಗಿನ ಗಾಜಿನ ಎಳೆಯಲ್ಲಿ ಹಗಲಿರುಳೂ ಬೆಳಕು ಓಡುತ್ತಿರುತ್ತದೆ. ಮೇಲಿನ ನೀರಿನ ಭಾರ ಕೂದಲೆಳೆಯಷ್ಟು ಬದಲಾದರೂ ಬೆಳಕು ನಡುಗುತ್ತದೆ. ಆ ನಡುಕದಿಂದ ಕಂಪ್ಯೂಟರು ಅಲೆಯನ್ನು ಅಳೆಯುತ್ತದೆ. ವಿಮಾನದಿಂದ ಲೇಸರ್ ಹಾಯಿಸಿ ಕರಾವಳಿಯ ಒಂದೊಂದು ಮನೆಯ ಮೆಟ್ಟಿಲಿನ ಎತ್ತರವನ್ನೂ ಮೊದಲೇ ಅಳೆದಿಟ್ಟಿದ್ದರು. ಹಾಗಾಗಿ ಯಾವ ಮೆಟ್ಟಿಲಿಗೆ ಎಷ್ಟು ನೀರೆಂದು ಅದಕ್ಕೆ ಗೊತ್ತು. ಮನೆಮನೆಗೂ ಒಂದು ಸಣ್ಣ ಪೆಟ್ಟಿಗೆ ಕೊಟ್ಟಿದ್ದರು. ಜನ ಅದನ್ನು ಅಲೆಪೆಟ್ಟಿಗೆ ಅನ್ನುತ್ತಿದ್ದರು.

ಅಂಕಿ ಬೇಡವೆಂದು ಪಾಠ ಮಾಡುತ್ತಿದ್ದವಳು ಅಂಕಿಗೆ ಒಪ್ಪಿದ್ದೇಕೆ ಎಂದರೆ, ಅದಕ್ಕೂ ಕಾರಣವಿತ್ತು. ಅದಕ್ಕಿಂತ ಮುಂಚಿನ ಸೈರನ್ನು ಓಡಿ, ಓಡಿ ಎಂದಷ್ಟೇ ಹೇಳುತ್ತಿತ್ತು. ಒಂದೇ ವರ್ಷದಲ್ಲಿ ಮೂರು ಸಲ ಮಡಿಕೋಡಿ ಗೋಪುರ ಹತ್ತಿತು. ಮೂರು ಸಲವೂ ಬಂದದ್ದು ಬೊಗಸೆ ನೊರೆ. ಬುಟ್ಟಿಯಲ್ಲಿದ್ದ ಬೂತಾಯಿ ಮೀನು ಬಿಸಿಲಿಗೆ ಹಾಳಾಯಿತು, ಮದುವೆಮನೆಯೊಂದರ ಅಡುಗೆ ಕಾಗೆಪಾಲಾಯಿತು. ನಾಲ್ಕನೆಯ ಸಲ ಹತ್ತಿದವರು ಇಬ್ಬರು ಮುದುಕಿಯರು ಮಾತ್ರ. ಬರೀ ಓಡಿ ಅಂದರೆ ಜನ ಓಡುವುದಿಲ್ಲ, ಎಷ್ಟು ಎಂದು ಹೇಳಬೇಕು ಎಂದು ಕೇಂದ್ರದ ನಿರ್ದೇಶಕ ಡಾ. ಜಯತೀರ್ಥ ವಾದಿಸಿದರು. ಕೇಬಲ್ಲಿನ ಅಂಕಿ ತಪ್ಪಾಗುವುದೇ ಇಲ್ಲವಾದ್ದರಿಂದ ಪ್ರಫುಲ್ಲಾ ಒಪ್ಪಿದಳು.

ಪೆಟ್ಟಿಗೆಯನ್ನು ಮೊದಲು ತಂದು ಪರೀಕ್ಷೆ ಮಾಡಿದ್ದು ಅಪ್ಪನ ಮನೆಯಲ್ಲೇ. ಪರೀಕ್ಷೆಯ ಅಲೆಗೆ ಅದು ನಲವತ್ತೈದು ಸೆಂಟಿಮೀಟರ್ ಎಂದಿತು. ಶೀನ ಮರಕಾಲರು ಚಾವಡಿಯಲ್ಲಿ ಕೂತು ಬಲೆಯ ಕಣ್ಣು ಹೆಣೆಯುತ್ತಿದ್ದವರು ತಲೆಯೆತ್ತಿದರು.

"ಅಂದ್ರೆ ಎಲ್ಲಿಗ್ ಬತ್ತ್ ನೀರ್?"

ಪ್ರಫುಲ್ಲಾ ಬಗ್ಗಿ ಅವರ ಮೊಣಕಾಲು ಮುಟ್ಟಿ ತೋರಿಸಿದಳು.

"ಹಾಂಗ್ ಹೇಳ್ಕಲೆ ಮತ್ತೆ. ಮೊಣಕಾಲ್ ನೀರ್ ಅಂದ್ರೆ ನಂಗೂ ತಿಳೀತ್ತ್, ನಿನ್ನ ಅಮ್ಮಂಗೂ ತಿಳೀತ್ತ್."

ಮಡಿಕೋಡಿಯಲ್ಲಿ ನೀರನ್ನು ಅಳೆಯುವುದೇ ಹಾಗೆ. ಪಾದದ ಗಂಟು ಮುಳುಗಿದರೆ ಹರಡು ನೀರು, ಆಮೇಲೆ ಮೊಣಕಾಲು ನೀರು, ಸೊಂಟದ ನೀರು, ಕುತ್ತಿಗೆ ನೀರು. ಬೇರೆ ಅಳತೆಗೋಲು ಅವರಿಗೆ ಬೇಕಾಗಿರಲಿಲ್ಲ. ಪ್ರಫುಲ್ಲಾ ಆ ವಾರವೇ ಪೆಟ್ಟಿಗೆಯ ಮಾತನ್ನೆಲ್ಲ ಬದಲಿಸಿದಳು. ಸೆಂಟಿಮೀಟರ್ ಹೋಗಿ ಮೈಯ ಅಳತೆ ಬಂತು. ದನಿಯೂ ಅವಳದೇ, ಕುಂದಾಪುರದ ಮಾತಿನಲ್ಲೇ: ನಿಮ್ ಮೆಟ್ಲಿಗೆ ಮೊಣಕಾಲ್ ನೀರ್ ಬತ್ತ್. ಈ ಕೆಲಸಕ್ಕೆ ದೆಹಲಿಯಲ್ಲಿ ಶಾಲು ಹೊದೆಸಿ ಸನ್ಮಾನ ಮಾಡಿದರು. ವಿಜ್ಞಾನವನ್ನು ಜನರ ಬಾಯಿಗೆ ಕೊಟ್ಟವಳು ಎಂದು ಪತ್ರಿಕೆಗಳು ಬರೆದವು. ಅಪ್ಪ ಆ ಪತ್ರಿಕೆಯನ್ನು ಕತ್ತರಿಸಿ ದೇವರ ಗೂಡಿನ ಪಕ್ಕ ಅಂಟಿಸಿಕೊಂಡರು.

ಕಂಪ್ಯೂಟರು ಇನ್ನೊಂದು ಸಂಗತಿಯನ್ನೂ ಲೆಕ್ಕ ಹಾಕುತ್ತಿತ್ತು, ನೀರಿನ ವೇಗ. ಪರದೆಯಲ್ಲಿ ಎತ್ತರದ ಪಕ್ಕದಲ್ಲೇ ಅದರ ಅಂಕಿ ಬರುತ್ತಿತ್ತು. ಅದನ್ನೂ ಹೇಳಿಸೋಣ ಎಂದು ಪ್ರಫುಲ್ಲಾ ಒಂದೆರಡು ಸಭೆಗಳಲ್ಲಿ ಕೇಳಿದ್ದುಂಟು. ನಡೆಯುವ ನೀರು, ಓಡುವ ನೀರು ಎಂದು ಹೆಸರನ್ನೂ ಯೋಚಿಸಿದ್ದಳು. ಒಂದು ಎಚ್ಚರಿಕೆಯಲ್ಲಿ ಒಂದೇ ಮಾತಿರಬೇಕು, ಎರಡು ಹೇಳಿದರೆ ಜನ ಗೊಂದಲಕ್ಕೆ ಬೀಳುತ್ತಾರೆ ಎಂದರು ಜಯತೀರ್ಥ. ಅವಳು ಹಟ ಹಿಡಿಯಲಿಲ್ಲ. ಸೊಂಟಕ್ಕಿಂತ ಮೇಲೆ ಬಂದರೆ ಊರು ಬಿಡುವುದು ಕಡ್ಡಾಯ, ಅದಕ್ಕಿಂತ ಕೆಳಗಾದರೆ ಎಚ್ಚರದಿಂದಿರಿ ಎಂದಷ್ಟೇ ಹೇಳುವುದು ಎಂದು ನಿಯಮವಾಯಿತು.

ಜನ ಪೆಟ್ಟಿಗೆಗೆ ಬೇಗ ಹೊಂದಿಕೊಂಡರು. ಹೊಂದಿಕೊಳ್ಳುವುದರಲ್ಲಿ ನಾವು ಯಾರಿಗೂ ಕಡಿಮೆಯಿಲ್ಲ. ಮನೆ ಬಾಡಿಗೆಗೆ ಕೊಡುವವರು ದೊಡ್ಡ ಅಲೆಗೂ ನಮ್ಮದು ಹರಡು ಮನೆ ಎಂದು ಹೆಚ್ಚು ಬಾಡಿಗೆ ಕೇಳತೊಡಗಿದರು. ಹೆಣ್ಣು ಕೊಡುವವರು ಗಂಡಿನ ಮನೆ ಸೊಂಟದ್ದೋ ಕುತ್ತಿಗೆಯದೋ ಎಂದು ದಲ್ಲಾಳಿಯ ಕಿವಿಯಲ್ಲಿ ವಿಚಾರಿಸಿದರು. ಮನೆಯ ಮುಂದೆ ಒಂದು ಮೆಟ್ಟಿಲು ಹೆಚ್ಚು ಕಟ್ಟಿಸಿ ಕುತ್ತಿಗೆಯಿಂದ ಸೊಂಟಕ್ಕೆ ಇಳಿದವರು ಹೋಳಿಗೆ ಊಟ ಹಾಕಿಸಿದರು. ಸಣ್ಣಪುಟ್ಟ ಅಲೆ ಬಂದಾಗಲೆಲ್ಲ ಪೆಟ್ಟಿಗೆ ಹೇಳಿದ್ದು ಹೇಳಿದಲ್ಲಿಗೇ ಬಂದು ನಿಂತಿತು. ಹರಡು ಅಂದರೆ ಹರಡೇ. ಊರಿನವರ ನಂಬಿಕೆ ಗಟ್ಟಿಯಾಯಿತು. ಸರ್ಕಾರದ ಒಂದು ಮಾತನ್ನು ಮಡಿಕೋಡಿಯವರು ನಂಬಿದ್ದು ಅದೇ ಮೊದಲು, ಪಾಪ.

ಆ ದಿನ ದೀಪಾವಳಿ ಕಳೆದು ವಾರವಾಗಿತ್ತು. ಕೈರಂಪಣಿಗೆ ಒಳ್ಳೆಯ ಕಾಲ. ಬೆಳಿಗ್ಗೆ ಕೇಂದ್ರದಲ್ಲಿ ಪ್ರಫುಲ್ಲಾ ಇಡ್ಲಿ ಮುರಿಯುತ್ತಿದ್ದಾಗ ಪರದೆ ಕೆಂಪಾಯಿತು. ಮಕ್ರಾನ್ ತೀರದಾಚೆ ಸಮುದ್ರದ ತಳ ಉದ್ದಕ್ಕೆ ಬಿರಿದಿತ್ತು. ಅವಳು ಕೈ ತೊಳೆಯದೆ ಕುರ್ಚಿಗೆ ಬಂದಳು. ಆ ದಿನದ ಕರ್ತವ್ಯದ ಮುಖ್ಯಸ್ಥೆ ಅವಳೇ. ಕೇಬಲ್ಲಿನ ಬೆಳಕು ನಡುಗಿತು, ಕಂಪ್ಯೂಟರು ಊರೂರಿನ ಲೆಕ್ಕವನ್ನು ಒಂದರ ಹಿಂದೊಂದು ಬಿಡತೊಡಗಿತು. ಬಡಗಣ ಊರುಗಳಿಗೆ ಕುತ್ತಿಗೆ, ಕೆಲವಕ್ಕೆ ತಲೆಗೂ ಮೇಲೆ. ಅಲ್ಲೆಲ್ಲ ಪೆಟ್ಟಿಗೆಗಳು ಕೂಗಿದವು, ಜನ ಹೊರಟರು. ಆ ಕೆಲಸ ನೀಟಾಗಿ ನಡೆಯಿತು, ಸಾವಿರಾರು ಜೀವ ಉಳಿಯಿತು. ಅದನ್ನು ಹೇಳದಿದ್ದರೆ ಅನ್ಯಾಯವಾಗುತ್ತದೆ.

ಮಡಿಕೋಡಿಗೆ ಬಂದ ಲೆಕ್ಕ ಹೆಚ್ಚೆಂದರೆ ಮೊಣಕಾಲು. ಪ್ರಫುಲ್ಲಾ ನಿಟ್ಟುಸಿರು ಬಿಟ್ಟಳು. ಆಮೇಲೆ ಅವಳ ಕಣ್ಣು ಪಕ್ಕದ ಅಂಕಿಯ ಮೇಲೆ ಬಿತ್ತು. ನೀರಿನ ವೇಗ ಇಳಿಜಾರಿನಲ್ಲಿ ಬಿಟ್ಟ ಸೈಕಲಿನಷ್ಟಿತ್ತು. ಅವಳು ತಕ್ಷಣ ಮನೆಗೆ ಫೋನು ಮಾಡಿದಳು.

ಅಮ್ಮ, ಗುಲಾಬಿ, ಎತ್ತಿಕೊಂಡಳು. ಹೆಂಗಸರು ಮಕ್ಕಳೆಲ್ಲ ಗೋಪುರ ಹತ್ತುವುದೆಂದು ಮಾತಾಗಿದೆ, ಮಕ್ಕಳಿಗೆ ಅವಲಕ್ಕಿ ಕಟ್ಟಿಕೊಳ್ಳುತ್ತಿದ್ದೇನೆ ಎಂದಳು. ಗಂಡಸರು ಹತ್ತುವುದಿಲ್ಲ. ದೋಣಿಯನ್ನು ತೆಂಗಿನ ಬುಡಗಳವರೆಗೆ ಎಳೆದು ತಂದಿದ್ದಾರೆ, ಬಲೆ ಅದರೊಳಗೇ ಇದೆ. ಮರಕ್ಕೆ ಬಿಗಿದು ಕಟ್ಟಿದರೆ ನೀರು ಎತ್ತಿದಾಗ ಹಲಗೆ ಬಿರಿಯುತ್ತದೆ. ಹಗ್ಗ ಹಿಡಿದು ಒಮ್ಮೆ ಸಡಿಲಿಸಿ ಒಮ್ಮೆ ಜಗ್ಗಿ ಆಡಿಸಬೇಕು, ಅದಕ್ಕೆ ಕೈಯೇ ಆಗಬೇಕು ಎಂದು ತಂಡೇಲರು ಹೇಳಿದ್ದಾರೆ. ಹಾಗಾಗಿ ಇಡೀ ತಂಡ ನಿಲ್ಲುತ್ತದೆ.

ಪ್ರಫುಲ್ಲಾ ಅಪ್ಪನಿಗೆ ಫೋನು ಕೊಡು ಎಂದಳು.

"ಅಪ್ಪಯ್ಯ, ದೋಣಿ ಹೋರೆ ಹೋಯ್ಲಿ. ಎಲ್ಲರೂ ಗೋಪುರ ಹತ್ಕ್."

"ಎಂತಕೆ? ಮೊಣಕಾಲ್ ನೀರ್ ಅಂದವ್ಳ್ ನೀನೇ ಅಲ್ದಾ? ಈಗಷ್ಟೇ ಪೆಟ್ಗಿಯಗೆ ಹೇಳ್ದೆ."

"ನೀರ್ ಮೊಣಕಾಲೇ. ಆದ್ರೆ ಅದ್ ನಮ್ಮ ಅಲೆಯಂಗಲ್ಲ, ಬಂದ್ ತಿರ್ಗಿ ಹೋತ್ತಿಲ್ಲ. ತಳ್ತಾನೇ ಇರ್ತ್ತ್, ಬಿಡುದೇ ಇಲ್ಲ."

ಶೀನ ಮರಕಾಲರು ಸಣ್ಣಗೆ ನಕ್ಕರು. ಅವರಿಗೆ ಸಿಟ್ಟು ಬಂದಿರಲಿಲ್ಲ.

"ನಂಗ್ ನೀರ್ ಕಲಿಸ್ತ್ಯಾ ಹೆಣ್ಣೇ? ಎದಿಮಟ್ಟ ನೀರಗೆ ನಿಂತ್ ನಿನ್ನ ಓದ್ಸಿದ್ದ್ ನಾನ್. ಮೊಣಕಾಲ್ ನೀರಿಗ್ ಬಲೆ ಬಿಟ್ಟ್ ಓಡ್ರೆ ನಾಳೆ ಈ ತಂಡ ನನ್ನ ಮಾತ್ ಕೇಂತ್ರಾ?"

ಎದೆಯ ಮಟ್ಟದ ಅಲೆ ಬಂದಾಗ ಒಂದು ಗಳಿಗೆ ಮೈ ವಾಲಿಸಿ ನಿಂತರೆ ಅದು ತಾನಾಗಿ ಹಿಂದೆ ಸರಿಯುತ್ತದೆ. ಅವರು ಐವತ್ತು ವರ್ಷ ಕಂಡ ನೀರು ಅದು. ಒಮ್ಮೆ ಬಂದರೆ ಹತ್ತು ನಿಮಿಷ ಒಂದೇ ಸಮನೆ ನುಗ್ಗುವ ನೀರನ್ನು ಆ ದಡದಲ್ಲಿ ಯಾರೂ ಕಂಡಿರಲಿಲ್ಲ. ಪ್ರಫುಲ್ಲಾ ಇನ್ನೂ ಏನೇನೋ ಹೇಳಿದಳು, ಬೇಡಿಕೊಂಡಳು, ಜೋರೂ ಮಾಡಿದಳು. ಆಗಲಿ, ಕಾಂಬ, ನೀನು ನಿನ್ನ ಕೆಲಸ ನೋಡು ಎಂದು ಅವರು ಫೋನು ಹೆಂಡತಿಯ ಕೈಗೆ ಕೊಟ್ಟುಬಿಟ್ಟರು.

ಪೊಲೀಸರನ್ನು ಕಳಿಸೋಣವೆಂದರೆ ಇದ್ದವರನ್ನೆಲ್ಲ ಬಡಗಣ ಊರುಗಳಿಗೆ ಕಳಿಸಿಯಾಗಿತ್ತು. ಅವಳ ಮುಂದೆ ಉಳಿದದ್ದು ಕೀಲಿಮಣೆ. ಮಡಿಕೋಡಿಯ ಹೆಸರಿನೆದುರು ಒಂದು ಶಬ್ದ ಬದಲಿಸಿ ಒತ್ತಿದರೆ ಊರಿನ ಎಲ್ಲ ಪೆಟ್ಟಿಗೆಗಳೂ ಅವಳದೇ ದನಿಯಲ್ಲಿ ಕುತ್ತಿಗೆ ನೀರ್ ಎಂದು ಕೂಗುತ್ತವೆ. ಅಪ್ಪ ಹಗ್ಗ ಬಿಟ್ಟು ಗೋಪುರ ಹತ್ತುತ್ತಾರೆ. ಕುತ್ತಿಗೆ ನೀರಿಗೆ ಓಡಿದರೆ ಮರ್ಯಾದೆಯೇನೂ ಹೋಗುವುದಿಲ್ಲ. ಮುಖ್ಯಸ್ಥೆಯಾಗಿ ಹಾಗೆ ಬದಲಿಸುವ ಅಧಿಕಾರವೂ ಅವಳಿಗಿತ್ತು.

ಬೆರಳು ಕೀಲಿಮಣೆಯ ಮೇಲೇ ಇತ್ತು. ಪಕ್ಕಕ್ಕೆ ಬಂದು ನಿಂತ ಜಯತೀರ್ಥರು ಅವಳ ಮುಖ ನೋಡಿ ಎಲ್ಲ ಊಹಿಸಿದರು. ಕೆಟ್ಟ ಮನುಷ್ಯರೇನಲ್ಲ ಅವರು.

"ನೋಡವಾ, ಇವತ್ತ ಕುತ್ತಿಗಿ ಅಂತ ಹೇಳ್ತಿ. ಬರೋದು ಮೊಣಕಾಲ. ನಾಳೆ ಖರೇ ಕುತ್ತಿಗಿ ಬಂದಾಗ ನಿನ್ನ ದನಿ ಯಾರ ನಂಬ್ತಾರ?"

ಅದು ಸರಿಯಾದ ಮಾತು. ಅವಳೇ ತನ್ನ ವಿದ್ಯಾರ್ಥಿಗಳಿಗೆ ಅದನ್ನು ಹೇಳಿದ್ದುಂಟು. ಆ ನಾಲ್ಕನೆಯ ಸೈರನ್ನಿಗೆ ಗೋಪುರ ಹತ್ತಿದ ಇಬ್ಬರು ಮುದುಕಿಯರು ಅವಳ ಕಣ್ಣಿಗೆ ಕಟ್ಟಿದರು. ಪೆಟ್ಟಿಗೆ ಒಮ್ಮೆ ಸುಳ್ಳು ಹೇಳಿದರೆ ಮುಗಿಯಿತು, ಆಮೇಲೆ ಕರಾವಳಿಯುದ್ದಕ್ಕೂ ಅದು ಬರೀ ಡಬ್ಬ. ಇದೆಲ್ಲ ನಿಜ. ಆದರೆ ಇನ್ನೊಂದು ನಿಜವೂ ಇತ್ತು, ಅದನ್ನು ಅವಳು ಜಯತೀರ್ಥರಿಗೆ ಹೇಳಲಿಲ್ಲ, ತನಗೂ ಸರಿಯಾಗಿ ಹೇಳಿಕೊಳ್ಳಲಿಲ್ಲ. ಈ ಯಂತ್ರದ ಮೊದಲ ದೊಡ್ಡ ಪರೀಕ್ಷೆ ಅದು. ತನ್ನ ಊರಿನಲ್ಲೇ, ತನ್ನ ಲೆಕ್ಕ ಬೆರಳಿನಷ್ಟೂ ತಪ್ಪದೆ ನಿಲ್ಲುವುದನ್ನು ನೋಡುವ ಆಸೆ ಅವಳೊಳಗೆ ಎಲ್ಲೋ ಒಂದು ಮೂಲೆಯಲ್ಲಿ ಕೂತಿತ್ತು. ಬೆರಳನ್ನು ಹಿಂದಕ್ಕೆ ತೆಗೆದಳು. ಬದಲಿಗೆ ದಡದಿಂದ ದೂರ ಇರಿ ಎಂಬ ಒಂದು ಸಾಲನ್ನು ಸೇರಿಸಿ ಕಳಿಸಿದಳು. ಅಂಥ ಸಾಲುಗಳನ್ನು ಯಾರು ಕೇಳುತ್ತಾರೆ? ಔಷಧದ ಜಾಹೀರಾತಿನ ಕೊನೆಗೆ ಗಡಬಡಿಸಿ ಓದುವ ಮಾತಿನ ಹಾಗೆ ಅದು ಹಾದುಹೋಯಿತು.

ಮಧ್ಯಾಹ್ನದ ಹೊತ್ತಿಗೆ ನೀರು ಬಂತು. ಗೋಪುರದ ಮೇಲಿದ್ದ ಹೆಂಗಸರಿಗೆ ಮೊದಲು ಅದು ಅಲೆಯೆಂದೇ ಅನ್ನಿಸಲಿಲ್ಲ. ಸಮುದ್ರವೇ ಎದ್ದು ನಡೆದು ಬಂದಂತಿತ್ತು ಎಂದು ಆಮೇಲೆ ಹೇಳಿದರು. ಕೆಳಗೆ ಗಂಡಸರು ಎರಡು ಸಾಲಾಗಿ, ಕೈರಂಪಣಿಗೆ ನಿಲ್ಲುವ ಹಾಗೆಯೇ, ಹಗ್ಗ ಹಿಡಿದು ಕಾಲೂರಿ ನಿಂತಿದ್ದರು. ನೀರು ಬಂದು ಅವರ ಹರಡು ಮುಚ್ಚಿತು, ಮೊಣಕಾಲಿಗೆ ಏರಿತು, ಅಲ್ಲಿಗೆ ನಿಂತಿತು. ಯಾರೋ ಒಬ್ಬ ಗೋಪುರದ ಕಡೆ ತಿರುಗಿ ಕೈಯೆತ್ತಿ ನಕ್ಕನಂತೆ. ಏರುವುದು ನಿಂತರೂ ನುಗ್ಗುವುದು ನಿಲ್ಲಲಿಲ್ಲ. ಮರಳು ಕಾಲಿನಡಿಯಿಂದ ಜಾರಿತು. ದೋಣಿ ತೇಲಿತು. ಮರಳಿನ ಮೇಲೆ ಕೂತಿದ್ದಾಗ ಅದೊಂದು ಮರದ ತುಂಡು. ತೇಲಿದ ಮೇಲೆ ಇಡೀ ಸಮುದ್ರ ಅದರ ಬೆನ್ನಿಗೆ ನಿಂತು ತಳ್ಳತೊಡಗಿತು. ಹಗ್ಗ ಬಿಟ್ಟಿದ್ದರೆ ದೋಣಿ ಹೋಗುತ್ತಿತ್ತು, ಹೆಚ್ಚಿನವರು ತೆಂಗಿನ ಮರ ತಬ್ಬಿ ಉಳಿಯುತ್ತಿದ್ದರು.

ಯಾರೂ ಬಿಡಲಿಲ್ಲ. ಪ್ರಫುಲ್ಲಾಳ ಚಿಕ್ಕಪ್ಪ ನರಸಿಂಹ ಮರಕಾಲರು ಸಾಲಿನ ಕೊನೆಯಲ್ಲಿದ್ದವರು, ಎಳೆತಕ್ಕೆ ಹಗ್ಗ ಕೈಯಿಂದ ಕಿತ್ತುಹೋಗಿ ಗೋಪುರದ ಕಂಬಕ್ಕೆ ಬಡಿದು, ಅದನ್ನೇ ತಬ್ಬಿ ಬದುಕಿದರು. ಅಣ್ಣನ ಕೊನೆಯ ಮಾತು ಕೇಳಿದವರು ಅವರೊಬ್ಬರೇ. ಹಿಡ್ಕಣಿ, ಮೊಣಕಾಲೇ ಮಾರಾಯ್ರೆ, ಹಿಡ್ಕಣಿ, ಎಂದು ಶೀನ ಮರಕಾಲರು ಕೂಗುತ್ತಿದ್ದರಂತೆ. ಮೊದಲು ನೀರು ಅವರನ್ನೆಲ್ಲ ದೋಣಿಯ ಹಿಂದೆ ರಸ್ತೆಯವರೆಗೆ ಎಳೆದುಕೊಂಡು ಹೋಯಿತು. ಆಮೇಲೆ ಹಿಂದಿರುಗುವಾಗ ದೋಣಿ, ಬಲೆ, ತಂಡ ಎಲ್ಲವನ್ನೂ ಒಟ್ಟಿಗೆ ಒಯ್ದಿತು.

ಗೋಪುರಕ್ಕೆ ಒಂದು ಬಿರುಕೂ ಬೀಳಲಿಲ್ಲ.

ತಿಂಗಳಾದ ಮೇಲೆ ವಿಚಾರಣಾ ಸಮಿತಿ ಬಂತು. ಮನೆಮನೆಯ ಗೋಡೆಯ ಮೇಲೆ ಉಳಿದ ಕೆಸರಿನ ಗೆರೆಯನ್ನು ಅಳೆದು ಕಂಪ್ಯೂಟರಿನ ಲೆಕ್ಕದ ಜೊತೆ ಹೋಲಿಸಿದರು. ಜಗತ್ತಿನ ಯಾವ ಮುನ್ಸೂಚನೆಯೂ ಇಷ್ಟು ನಿಖರವಾಗಿ ಬಂದಿಲ್ಲ ಎಂದು ವರದಿ ಹೇಳಿತು. ಮಡಿಕೋಡಿಯ ಸಾವುಗಳನ್ನು, ಸಲಹೆ ಪಾಲಿಸದೆ ದಡದಲ್ಲಿದ್ದವರು ಎಂಬ ಒಂದು ಸಾಲಿನಲ್ಲಿ ಮುಗಿಸಿದರು. ವೇಗವನ್ನೂ ಹೇಳಿಸಬೇಕು, ಮೈಯ ಅಳತೆಯನ್ನು ತೆಗೆಯಬೇಕು ಎಂದು ಪ್ರಫುಲ್ಲಾ ಬರೆದುಕೊಟ್ಟಳು, ಎದ್ದು ನಿಂತು ಜಗಳವನ್ನೂ ಆಡಿದಳು. ಸಾಧಿಸಿ ತೋರಿಸಿದ ವ್ಯವಸ್ಥೆಯನ್ನು ಈಗ ಮುಟ್ಟುವುದು ಬೇಡ ಎಂದರು ಅವರು. ಬೇರೆ ಎರಡು ರಾಜ್ಯಗಳು ಅದನ್ನೇ ಕೇಳಿದ್ದವು. ಅಲ್ಲಿಯ ಜನರ ಮಾತಿನಲ್ಲಿ ಮೊಣಕಾಲಿಗೆ ಏನನ್ನುತ್ತಾರೆಂದು ಆಗಲೇ ವಿಚಾರಣೆ ನಡೆದಿತ್ತು.

ಅಪ್ಪನ ಕಾರ್ಯಗಳೆಲ್ಲ ಮುಗಿದ ಮೇಲೆ ಒಂದು ದಿನ ಅವಳು ಮನೆಗೆ ಹೋದಳು. ದಾರಿಯುದ್ದಕ್ಕೂ ಬೈಸಿಕೊಳ್ಳುವುದಕ್ಕೆ ಮನಸ್ಸು ಗಟ್ಟಿ ಮಾಡಿಕೊಂಡೇ ಹೋಗಿದ್ದಳು. ಕಾರ್ಯದ ದಿನಗಳಲ್ಲಿ ಯಾರೂ ಏನೂ ಅಂದಿರಲಿಲ್ಲ. ಇವತ್ತು ಅಮ್ಮ ಅನ್ನುತ್ತಾಳೆ, ಅಂದರೆ ಒಳ್ಳೆಯದೇ ಎಂದುಕೊಂಡಿದ್ದಳು. ಹೊರಗೆ ಚಪ್ಪಲಿಯ ಅಟ್ಟೆಯ ಹಾಗೆ ಒಣಗಿದ ಕೆಸರು. ಬಾಗಿಲ ದಾರಂದದ ಮೇಲೆ ನೀರು ಬಿಟ್ಟುಹೋದ ಗೆರೆ ಕಂದು ಬಣ್ಣದಲ್ಲಿ ನೆಟ್ಟಗೆ ಎಳೆದ ಹಾಗಿತ್ತು. ಪ್ರಫುಲ್ಲಾಳ ಕಣ್ಣು ಅದರ ಮೇಲೆ ಬಿದ್ದು ಅಲ್ಲೇ ನಿಂತಿತು. ಗುಲಾಬಿ ಮಗಳನ್ನು ನೋಡಿದಳು, ಗೆರೆಯನ್ನು ನೋಡಿದಳು. ಅವಳಿಗೆ ಮಗಳ ಮುಖದಲ್ಲಿ ಕಂಡದ್ದು ಏನೋ, ಎದ್ದು ಬಂದು ದಾರಂದಕ್ಕೆ ಒತ್ತಿ ನಿಂತು ಸೀರೆಯ ನೆರಿಗೆಯನ್ನು ಎತ್ತಿ ಹಿಡಿದಳು. ಗೆರೆ ಸರಿಯಾಗಿ ಅವಳ ಮೊಣಕಾಲಿಗೆ ಬಂತು.

"ನೀ ಎಂತ ತಪ್ಪ್ ಹೇಳಿದ್ದಿಲ್ಲ ಮಗಾ," ಎಂದಳು. "ಕಾಣ್. ಮೊಣಕಾಲೇ."

ಸಮಾಧಾನ ಮಾಡಲೆಂದೇ ಹೇಳಿದ ಮಾತು ಅದು. ಮಗಳ ಲೆಕ್ಕ ತಪ್ಪಿ ಅಪ್ಪ ಹೋದ ಎಂದು ಯಾರೂ ಆಡಿಕೊಳ್ಳಬಾರದು ಎಂಬುದಷ್ಟೇ ಆ ಹೆಂಗಸಿನ ಮನಸ್ಸಿನಲ್ಲಿದ್ದದ್ದು. ನೆರಿಗೆ ಬಿಟ್ಟು, ಚಾ ಮಾಡುತ್ತೇನೆ ಕೂತುಕೋ ಎಂದು ಒಳಗೆ ಹೋದಳು. ಪ್ರಫುಲ್ಲಾ ಕೂರಲಿಲ್ಲ. ದೇವರ ಗೂಡಿನ ಪಕ್ಕ ಅಪ್ಪ ಅಂಟಿಸಿದ್ದ ಪತ್ರಿಕೆಯ ತುಂಡು ನೀರಿಗೆ ಸಿಗದಷ್ಟು ಎತ್ತರದಲ್ಲಿ ಹಾಗೆಯೇ ಇತ್ತು. ಅದರ ಕೆಳಗೆ ಅಲೆಪೆಟ್ಟಿಗೆಯ ಹಸಿರು ದೀಪ ಉರಿಯುತ್ತಿತ್ತು. ವಾರಕ್ಕೊಮ್ಮೆ ಅದು ತನ್ನನ್ನು ತಾನೇ ಪರೀಕ್ಷೆ ಮಾಡಿಕೊಳ್ಳುತ್ತದೆ. ಅಮ್ಮ ಒಳಗಿನಿಂದ ಸಕ್ಕರೆ ಎಷ್ಟು ಎಂದು ಕೇಳುತ್ತಿದ್ದಾಗ ಅದು ಮಗಳ ದನಿಯಲ್ಲಿ, ಆ ಮನೆಯ ಮಾತಿನಲ್ಲೇ, ಇವತ್ತ್ ನಿಮ್ ಮೆಟ್ಲಿಗೆ ನೀರ್ ಇಲ್ಲ ಎಂದಿತು.